ಕಡಲ ಕಾಗೆಗಳ ಕ್ಯಾಸೆಟ್ಟು

ಆದಿತ್ಯವಾರ ಬೆಳಿಗ್ಗೆ ಎಂಟು ಗಂಟೆಗೆ ಮುಂಡಪ್ಪಣ್ಣನ ಫೋನು ಬಂದಾಗ ಜಯಶೀಲ ನಾಲ್ಕನೇ ನೀರುದೋಸೆ ಮಡಚುತ್ತಿದ್ದ. ಫೋನು ಕೆಳಗಿಟ್ಟಾಗ ಅವನ ಮುಖ ಆ ದೋಸೆಗಿಂತ ಬೆಳ್ಳಗಾಗಿತ್ತು.

“ಎಂತ ಆಯ್ತು? ಊರಿನಿಂದ ಏನಾದರೂ ಸುದ್ದಿಯಾ?” ಹೆಂಡತಿ ಲೋಲಾಕ್ಷಿ ಕಾವಲಿಯಿಂದ ಕಣ್ಣೆತ್ತದೆ ಕೇಳಿದಳು.

“ಊರಿನದ್ದಾದರೆ ಹೇಗಾದರೂ ಸುಧಾರಿಸಬಹುದಿತ್ತು ಮಾರಾಯ್ತಿ. ಮುಂಡಪ್ಪಣ್ಣನ ಕ್ಯಾಸೆಟ್ಟು. ಇವತ್ತು ಸಂಜೆ ನಾಲ್ಕಕ್ಕೆ ಬೇಕಂತೆ.”

“ಬೇಕಾದರೆ ಕೊಡಿ. ಅದಕ್ಕೆ ಯಾಕೆ ಈ ಮುಖ?”

“ಕೊಡಬಹುದಿತ್ತು,” ಎಂದ ಜಯಶೀಲ. “ಇದ್ದಿದ್ದರೆ.”

ಜಯಶೀಲ ಡೊಂಬಿವಲಿ ಪೂರ್ವದವನು. ರಬಾಳೆಯಲ್ಲಿ ಬಾಟಲಿ ಮುಚ್ಚಳ ಮಾಡುವ ಕಂಪನಿಯಲ್ಲಿ ಡಿಸ್ಪ್ಯಾಚ್ ಸೂಪರ್‌ವೈಸರ್. ಹೆಸರೇನೋ ಜಯಶೀಲ. ಆದರೆ ನಲವತ್ತೆಂಟು ವರ್ಷಗಳಲ್ಲಿ ಅವನು ಗೆದ್ದದ್ದು ಒಂದೇ ಸಲ, ಕಟ್ಟಡದ ಗಣಪತಿಯ ಲಕ್ಕಿ ಡ್ರಾದಲ್ಲಿ. ಅದೂ ಮಕ್ಕಳ ಕೊಡೆ.

ಅವನಿಗಿದ್ದ ಹುಚ್ಚು ಒಂದೇ, ಹಾಡು ಕೇಳುವುದು. ‘ಕೇಳುಗರ ಕಟ್ಟೆ’ ಎಂಬ ವಾಟ್ಸಪ್ ಗುಂಪಿಗೆ ಅವನು ಸೇರಿ ಐದು ವರ್ಷವಾಗಿತ್ತು. ಕಲ್ಯಾಣದಿಂದ ನೆರೂಳಿನವರೆಗೆ ಹರಡಿಕೊಂಡ ಅರುವತ್ತು ಮಂದಿ ಕನ್ನಡದವರು ಅದರಲ್ಲಿದ್ದರು. ಯಾವ ಊರಲ್ಲಿ ಯಾವ ಹೊಸ ಬ್ಯಾಂಡು ಹುಟ್ಟಿತು, ಯಾವ ಆಲ್ಬಮ್ಮಿನ ಎಷ್ಟನೇ ಹಾಡಿನಲ್ಲಿ ಕೊಳಲು ಯಾಕೆ ಅಳುತ್ತದೆ, ಇವೇ ಅಲ್ಲಿ ಬೆಳಗಿನ ಐದರಿಂದ ಮಾತು. ಗುಡ್ ಮಾರ್ನಿಂಗ್ ಹೂವು ಹಾಕಿದವನನ್ನು ಗುಂಪಿನಿಂದ ಹೊರಗೆ ಹಾಕುತ್ತಿದ್ದರು. ಯಾರೂ ಕೇಳದ ಬ್ಯಾಂಡು ಹಾಕಿದವನನ್ನು ಹೆಗಲ ಮೇಲೆ ಹೊರುತ್ತಿದ್ದರು. ಐದು ವರ್ಷದಲ್ಲಿ ಜಯಶೀಲನನ್ನು ಯಾರೂ ಹೊತ್ತಿರಲಿಲ್ಲ. ಅವನು ಕಷ್ಟಪಟ್ಟು ಹುಡುಕಿ ಏನು ಹಾಕಿದರೂ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತಿತ್ತು: “ಓ, ಇವರಾ? ಇವರ ಮೊದಲ ಆಲ್ಬಮ್ ಚೆನ್ನಾಗಿತ್ತು. ಆಮೇಲೆ ಕೆಟ್ಟರು.”

ಕಟ್ಟೆಯ ಹಿರಿತಲೆ ಮುಂಡಪ್ಪಣ್ಣ. ಮಾಜಿವಾಡಾದಲ್ಲಿ ಮೂವತ್ತು ವರ್ಷ ಹೊಟೇಲು ನಡೆಸಿ, ಅದನ್ನು ಮಗನಿಗೆ ಒಪ್ಪಿಸಿ, ಈಗ ಐರೋಳಿಯ ಫ್ಲ್ಯಾಟಿನಲ್ಲಿ ಮೂರು ಸಾವಿರ ಕ್ಯಾಸೆಟ್ಟುಗಳ ಜೊತೆ ಸಂಸಾರ ಮಾಡುತ್ತಿದ್ದವರು. ಅವರ ಸಂಗ್ರಹದ ಮಾಣಿಕ್ಯವೆಂದರೆ ‘ಕಡಲ ಕಾಗೆಗಳು’ ತಂಡದ ‘ಉಪ್ಪಿನ ಗಾಳಿ’. ನಲವತ್ತು ವರ್ಷಗಳ ಹಿಂದೆ ಹಗಲು ಹೊಟೇಲಿನಲ್ಲಿ ಟೇಬಲ್ಲು ಒರೆಸಿ, ಸಂಜೆ ರಾತ್ರಿಶಾಲೆಯಲ್ಲಿ ಕಲಿಯುತ್ತಿದ್ದ ಐದು ಹುಡುಗರು ಸೇರಿ ಕಟ್ಟಿದ ಬ್ಯಾಂಡು ಅದು. ಒಂದು ಗಿಟಾರು, ಒಂದು ಮೌತ್ ಆರ್ಗನ್, ಒಂದು ಎಣ್ಣೆ ಡಬ್ಬ. ಒಂದೇ ಒಂದು ಕ್ಯಾಸೆಟ್ಟು ತಂದು ಅವರು ಚದುರಿಹೋಗಿದ್ದರು. ಅದರ ಬದುಕುಳಿದ ಏಕೈಕ ಪ್ರತಿ ತನ್ನದೇ ಎಂದು ಮುಂಡಪ್ಪಣ್ಣ ನಂಬಿದ್ದರು.

ಹೋದ ತಿಂಗಳು ಅವರ ಮನೆಯಲ್ಲಿ ಅದರ ಎರಡನೇ ಹಾಡು ಕೇಳುತ್ತ ಜಯಶೀಲನ ಕಣ್ಣಿನಿಂದ ನೀರು ಇಳಿದಿತ್ತು. ನಿಜವಾಗಿ ಅದು ಅವರ ದೇವರಕೋಣೆಯ ಸಾಂಬ್ರಾಣಿ ಹೊಗೆಗೆ. ಆದರೆ ಮುಂಡಪ್ಪಣ್ಣ ಕರಗಿಹೋದರು. “ಇದುವರೆಗೆ ಯಾರಿಗೂ ಕೊಟ್ಟವನಲ್ಲ, ನಿನಗೆ ಕೊಡ್ತೇನೆ. ಕಾಪಿ ಮಾಡಬೇಡ, ಕಾಪಿ ಮಾಡಿದ ಹಾಡು ಅಂದರೆ ನಿನ್ನೆಯ ಸಾಂಬಾರು. ಮತ್ತೆ, ಇದನ್ನು ಯಾರ ಕೈಗೂ ಕೊಡಬೇಡ,” ಎಂದು ಹೇಳಿ, ಡಬ್ಬಿಯನ್ನು ಮನೆಯಲ್ಲೇ ಇಟ್ಟುಕೊಂಡು ಕ್ಯಾಸೆಟ್ಟನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ ಕೊಟ್ಟಿದ್ದರು.

ಮರುದಿನ ಸಂಜೆ ಠಾಣೆಯಿಂದ ಹತ್ತಿದ ಲೋಕಲಿನಲ್ಲಿ ಕಟ್ಟೆಯ ಇನ್ನೊಬ್ಬ ಮಹಾನುಭಾವ, ಕಲ್ಯಾಣದ ಲಕ್ಷ್ಮೀಕಾಂತ ಸಿಕ್ಕಿದ. ಜಯಶೀಲನಿಗೆ ಏನು ತೋಚಿತೋ, ಜೇಬಿನಿಂದ ಕ್ಯಾಸೆಟ್ಟು ತೆಗೆದು ತೋರಿಸಿ, “ನಾನೇ ಹುಡುಕಿದ್ದು, ಉಲ್ಲಾಸನಗರದ ಗುಜರಿ ಅಂಗಡಿಯಲ್ಲಿ,” ಎಂದುಬಿಟ್ಟ. ಐದು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವನನ್ನು ಗೌರವದಿಂದ ನೋಡಿದ. ಆ ಗೌರವದ ಅಮಲು ಇಳಿಯುವಷ್ಟರಲ್ಲಿ ಡೊಂಬಿವಲಿ ಬಂದಿತ್ತು, ಜನ ಜಯಶೀಲನನ್ನು ಪ್ಲಾಟ್‌ಫಾರ್ಮಿಗೆ ಉಗುಳಿದ್ದರು, ಕ್ಯಾಸೆಟ್ಟು ಲಕ್ಷ್ಮೀಕಾಂತನ ಜೇಬಿನಲ್ಲಿ ಕಲ್ಯಾಣಕ್ಕೆ ಹೋಗಿತ್ತು. “ಎರಡ ದಿನದಾಗ ಕೊಡ್ತೇನ್ರಿ!” ಎಂಬ ಕೂಗು ಬಾಗಿಲಿನಿಂದ ಕೇಳಿತ್ತು. ಅದಾಗಿ ಇಪ್ಪತ್ತಾರು ದಿನ.

“ಇವತ್ತೇ ಯಾಕಂತೆ ಅವರಿಗೆ?” ಲೋಲಾಕ್ಷಿ ಕೇಳಿದಳು.

“ಆ ಬ್ಯಾಂಡಿನಲ್ಲಿ ಮೌತ್ ಆರ್ಗನ್ ಊದ್ತಿದ್ದ ಐತಪ್ಪ ಅಂತ ಒಬ್ಬರು ಇದ್ದಾರಂತೆ, ಠಾಣೆ ಹತ್ತಿರದ ಕಳವಾ ಅನ್ನುವಲ್ಲಿ. ಅವರನ್ನು ಪತ್ತೆ ಮಾಡಿ ಸಂಜೆ ಮನೆಗೆ ಕರೆದಿದ್ದಾರೆ. ಅರ್ಧ ಕಟ್ಟೆ ಬರ್ತದೆ. ಅವರ ಎದುರು ಅವರದ್ದೇ ಹಾಡು ಹಾಕಬೇಕಂತೆ.”

“ಹಾಡು ಕೇಳುವವರು ಕಿವಿ ಉಪಯೋಗಿಸಬೇಕು. ನಿಮ್ಮದು ಬಾಯಿಯೇ ಜಾಸ್ತಿ.”

ಮೊಬೈಲಿನಲ್ಲಿ ಮುಳುಗಿದ್ದ ಮಗಳು ನಿಶ್ಮಿತಾ ಅಷ್ಟರಲ್ಲಿ ತಲೆ ಎತ್ತಿ, “ಪಪ್ಪಾ, ಫೋನ್ ಕರೋ ನಾ ಉನ್‌ಕೋ,” ಎಂದಳು. ಜಯಶೀಲ ಏಳು ಸಲ ಮಾಡಿದ. ಲಕ್ಷ್ಮೀಕಾಂತ ಎತ್ತಲಿಲ್ಲ. ಜಯಶೀಲ ಅಂಗಿಯ ಗುಂಡಿಯನ್ನು ತಪ್ಪು ತಪ್ಪಾಗಿ ಹಾಕಿಕೊಂಡು ಸ್ಟೇಷನ್ನಿಗೆ ಓಡಿದ.

ಆದಿತ್ಯವಾರವಾದ್ದರಿಂದ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧಕ್ಕರ್ಧ ರೈಲು ರದ್ದು. ಹತ್ತು ನಿಮಿಷದ ಕಲ್ಯಾಣ ಆ ದಿನ ಒಂದು ಗಂಟೆಯಷ್ಟು ದೂರವಿತ್ತು.

ಲಕ್ಷ್ಮೀಕಾಂತ ಬಾಗಿಲು ತೆರೆದಾಗ ಕಿವಿಗೆ ತೆಂಗಿನ ಚಿಪ್ಪಿನಷ್ಟು ದೊಡ್ಡ ಹೆಡ್‌ಫೋನ್ ಇತ್ತು. ಧಾರವಾಡದ ಕಡೆಯವನು, ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್. ಮನೆ ತುಂಬ ಬಿಚ್ಚಿ ಹರವಿದ ಟೇಪ್ ರೆಕಾರ್ಡರುಗಳು.

“ಬರ್ರಿ ಬರ್ರಿ ಜಯಶೀಲ! ಸರೀ ಟೈಮಿಗೆ ಬಂದ್ರಿ. ಗದಗಿನ ಹುಡುಗರದ್ದೊಂದು ಬ್ಯಾಂಡ್ ಸಿಕ್ಕೈತಿ. ಡೊಳ್ಳಿಗೆ ಇಲೆಕ್ಟ್ರಿಕ್ ಗಿಟಾರ್ ಹಚ್ಯಾರ. ಕುಂಡ್ರಿ.”

“ಲಕ್ಷ್ಮೀಕಾಂತ್, ನನ್ನ ಆ ಕ್ಯಾಸೆಟ್ಟು...”

“ಶ್! ಆಲ್ಬಮ್ ಚಾಲೂ ಆಗೈತಿ. ಆಲ್ಬಮ್ ನಡುವ ಮಾತಾಡೂದಂದ್ರ ಮಂಗಳಾರತಿ ನಡುವ ಸೀನಿದಂಗ.”

ಹೆಡ್‌ಫೋನು ಜಯಶೀಲನ ತಲೆಗೆ ಏರಿತು. ನಲವತ್ತೇಳು ನಿಮಿಷ ಗದಗಿನ ಹುಡುಗರು ಅವನ ಎರಡು ಕಿವಿಗಳ ನಡುವೆ ಬಂಡಿ ಓಡಿಸಿದರು. ನಡುವೆ ಎರಡು ಸಲ ಏಳಲು ಹೋದ. ಎರಡು ಸಲವೂ ಲಕ್ಷ್ಮೀಕಾಂತ ಹೆಗಲು ಒತ್ತಿ ಕೂರಿಸಿದ. ತಮಾಷೆಯೆಂದರೆ ಐದನೇ ಹಾಡಿನ ಹೊತ್ತಿಗೆ ಜಯಶೀಲನ ಕಾಲು ತಾನಾಗಿ ತಾಳ ಹಾಕುತ್ತಿತ್ತು. ತಾನು ಯಾತಕ್ಕೆ ಬಂದೆ ಎಂಬುದು ಅರ್ಧ ಹಾಡಿನಷ್ಟು ಹೊತ್ತು ಅವನಿಗೆ ಮರೆತೇಹೋಗಿತ್ತು.

“ಈಗ ಹೇಳ್ರಿ, ಏನು ಕೇಳಾಕ ಬಂದಿದ್ರಿ?”

“ಕಡಲ ಕಾಗೆಗಳು! ಎಲ್ಲಿದೆ?”

“ಓ, ಅದಾ! ಏನ್ ಕ್ಯಾಸೆಟ್ರೀ ಅದು! ಆದ್ರ ಒಳಗಿನ ಸ್ಪಂಜಿನ ತುಂಡು ಸವದು ಹೋಗಿತ್ತು, ಅದಕ್ಕ ದನಿ ಗವ್ವ್ ಅಂತಿತ್ತು. ನಾನು ಟೇಪ್ ಬಿಚ್ಚಿ ಹೊಸಾ ಪಾರದರ್ಶಕ ಪ್ಲಾಸ್ಟಿಕ್ ಶೆಲ್ಲಿಗೆ ಹಾಕಿದೆ, ನೀಲಿ ಸ್ಕ್ರೂ ಹೊಡದೆ. ಈಗ ಗಾಜಿನಂಗ ಕೇಳ್ತೈತಿ.”

“ಹಳೆಯ ಶೆಲ್ಲು? ಅದರ ಮೇಲಿನ ಲೇಬಲ್ಲು?”

“ಕಸದ ಗಾಡಿಗೆ ಹಾಕಿದೆ. ಹಾವು ಪೊರಿ ಬಿಟ್ರ ಎತ್ತಿಟ್ಕೊಂತೈತೇನ್ರಿ?”

ಜಯಶೀಲ ಕೈ ಚಾಚಿದ. “ಆಯ್ತು, ಹೊಸ ಶೆಲ್ಲಾದರೂ ಕೊಡಿ.”

ಲಕ್ಷ್ಮೀಕಾಂತ ಮೊದಲ ಬಾರಿಗೆ ದನಿ ತಗ್ಗಿಸಿದ. “ಅದು... ಠಾಣಾದ ವಿನೋದಾ ಟೀಚರ್ ಅದಾರಲ್ಲ, ಅವರು ಕೇಳಿದ್ರು. ಕೊಟ್ಟೆ. ಸಿಟ್ಟಾಗಬ್ಯಾಡ್ರಿ. ಇನ್ನೊಂದು ಮಾತು. ಅವರ ಮುಂದ ನೀವು ಹುಡುಕಿದ್ದಂತ ಹೇಳಬ್ಯಾಡ್ರಿ. ನಾ... ನಾನ ಹುಡುಕಿದ್ದಂತ ಹೇಳೇನಿ. ಅದ ಉಲ್ಲಾಸನಗರದ ಗುಜರಿ ಅಂಗಡ್ಯಾಗ.”

ಆ ಗುಜರಿ ಅಂಗಡಿ ಇಲ್ಲವೇ ಇಲ್ಲ ಎಂದು ಹೇಳುವ ಬಾಯಿ ಜಯಶೀಲನಿಗೆ ಇರಲಿಲ್ಲ. ಅವನು ಮೆಟ್ಟಿಲಿಳಿದು ಓಡಿದ.

ವಿನೋದಾ ಟೀಚರ್ ಮಾಜಿವಾಡಾದಲ್ಲಿದ್ದರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದದ್ದು ಶಾಲೆಗೆ ಮಾತ್ರ ಗೊತ್ತಿತ್ತು, ಅವರ ಕಂಠಕ್ಕೆ ಯಾರೂ ತಿಳಿಸಿರಲಿಲ್ಲ. ಠಾಣೆ ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಜಯಶೀಲ ತಲುಪಿದಾಗ ಹನ್ನೆರಡೂವರೆ. ಹಾಲಿನಲ್ಲಿ ನೆರೆಮನೆಯ ಏಳೆಂಟು ಹೆಂಗಸರು ಎರಡು ಪಂಗಡವಾಗಿ ಎದುರುಬದುರು ಕೂತಿದ್ದರು, ಪಂಚಾಯತಿಗೆ ಕೂತ ಹಾಗೆ.

“ದೇವರೇ ಕಳುಹಿಸಿದ್ದು ನಿಮ್ಮನ್ನು!” ಎಂದರು ಟೀಚರ್. “ಕಾರವಾರದ ನಾಲ್ಕು ಹುಡುಗಿಯರ ಬ್ಯಾಂಡು ನಾನು ಗ್ರೂಪಿಗೆ ಹಾಕಿದ್ದೆನಲ್ಲ? ಇವರಲ್ಲಿ ಅರ್ಧ ಜನ ಹಳೆಯ ಆಲ್ಬಮ್ ಒಳ್ಳೆಯದು ಅಂತಾರೆ, ಅರ್ಧ ಜನ ಹೊಸದು ಅಂತಾರೆ. ನೀವು ಮೂರನೆಯವರು. ತೀರ್ಪು ಹೇಳಿ.”

“ಟೀಚರ್, ನಾನು ಬಂದದ್ದು ಆ ಕಡಲ ಕಾಗೆ...”

“ಹೇಳ್ತೇನೆ, ಹೇಳ್ತೇನೆ. ಮೊದಲು ತೀರ್ಪು.”

ಎರಡೂ ಆಲ್ಬಮ್ಮುಗಳ ಮೂರು ಮೂರು ಹಾಡು ಕೇಳಿಸಿದರು. ಎರಡೂ ಕಡೆಯಿಂದ ಚಕ್ಕುಲಿ ಬಂತು. ಜಯಶೀಲ ಚಕ್ಕುಲಿಯ ಋಣಕ್ಕೆ ಬಿದ್ದು, “ಎರಡೂ ಚೆನ್ನಾಗಿದೆ,” ಎಂದ.

ಅಷ್ಟು ಹೊತ್ತು ಜಗಳವಾಡುತ್ತಿದ್ದ ಎರಡು ಪಂಗಡಗಳೂ ಆ ಕ್ಷಣ ಒಂದಾದವು.

“ಎರಡೂ ಅಂದರೆ? ಕಿವಿ ಉಂಟೋ ಇಲ್ಲವೋ ನಿಮಗೆ?” ಎಂದರು ಹಳೆಯ ಆಲ್ಬಮ್ಮಿನ ಕಾಂಚನಕ್ಕ.

“ಹಾಂಗ್ ಹೇಳೂದಾದ್ರೆ ಚಕ್ಕುಲಿ ಯಾಕ್ ತಿಂದದ್ದು?” ಎಂದರು ಹೊಸ ಆಲ್ಬಮ್ಮಿನ, ಕುಂದಾಪುರದ ಕಡೆಯ ಹೆಂಗಸೊಬ್ಬರು.

ಕೊನೆಗೆ, ಮುಂದಿನ ವಾರ ಎರಡೂ ಆಲ್ಬಮ್ ಪೂರ್ತಿ ಕೇಳಿ ಒಂದು ಪುಟ ಬರೆದು ತರುತ್ತೇನೆಂದು ಮಾತು ಕೊಟ್ಟ ಮೇಲೆಯೇ ಬಿಡುಗಡೆ. ಬಾಗಿಲ ತನಕ ಬಂದ ವಿನೋದಾ ಟೀಚರ್ ಪಿಸುಗುಟ್ಟಿದರು: “ಆ ಕ್ಯಾಸೆಟ್ಟು ನಮ್ಮ ಅಂಬರೀಶನ ಹತ್ತಿರ ಉಂಟು. ಒಂದು ಉಪಕಾರ ಮಾಡಿ. ಅದು ಲಕ್ಷ್ಮೀಕಾಂತರದ್ದು ಅಂತ ಅವನಿಗೆ ಹೇಳಬೇಡಿ. ನನ್ನ ಕಾಲೇಜಿನ ದಿನಗಳದ್ದು, ನಾನೇ ಜೋಪಾನ ಮಾಡಿದ್ದು ಅಂತ ಹೇಳಿಬಿಟ್ಟಿದ್ದೇನೆ. ಬಾಯಿ ತಪ್ಪಿ ಬಂತು.”

“ಎಲ್ಲರಿಗೂ ತಪ್ಪಿಯೇ ಬರುವುದು ಟೀಚರ್,” ಎಂದ ಜಯಶೀಲ, ಬಹಳ ಅನುಭವದಿಂದ.

ಅಂಬರೀಶ ಬೆಂಗಳೂರಿನ ಹುಡುಗ, ಮಹಾಪೆಯ ಒಂದು ಕಂಪನಿಯಲ್ಲಿ ಧ್ವನಿ ಸಂಕಲನದ ಕೆಲಸ. ಫೋನಿಗೆ ಸಿಕ್ಕಿದ, ಆದರೆ ಇವತ್ತು ಶಿಫ್ಟು ಇದೆ, ಗೇಟಿನ ಹತ್ತಿರ ಬನ್ನಿ ಎಂದ. ಠಾಣೆಯಿಂದ ವಾಶಿಯ ಲೋಕಲು, ಕೋಪರ್‌ಖೈರಾಣೆಯಲ್ಲಿ ಇಳಿದು ಮತ್ತೆ ರಿಕ್ಷಾ. ಗೇಟಿನಲ್ಲಿ ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ. “ಕಾಯ್ ಕಾಮ್ ಆಹೇ?” ಎಂದು ಬಂದ ಕೆಲಸವೇನೆಂದು ಮರಾಠಿಯಲ್ಲಿ ಕೇಳಿದ. “ಕಾಗೆ,” ಎಂದ ಜಯಶೀಲ, ದಣಿವಿನಲ್ಲಿ. ಸೆಕ್ಯೂರಿಟಿಯವನು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಎರಡೂವರೆಗೆ ಅಂಬರೀಶ ಹೊರಗೆ ಬಂದ, ಚಿಗುರು ಗಡ್ಡದ ತುಂಬ ನಗು.

“ಸರ್! ನೀವೇ ಹುಡುಕ್ಕೊಂಡು ಬಂದಿದ್ದೀರಾ ಅಂದ್ರೆ ಸಖತ್ ವಿಷಯಾನೇ ಇರ್ಬೇಕು.”

“ವಿನೋದಾ ಟೀಚರ್ ಕೊಟ್ಟ ಕ್ಯಾಸೆಟ್ಟು ಬೇಕು, ಅಂಬರೀಶ. ಈಗಲೇ.”

ನಗು ಗಡ್ಡದೊಳಗೆ ಅಡಗಿತು. “ಅಯ್ಯೋ ಸರ್, ಅದು ನನ್ ಹತ್ರ ಇಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ಶಿಫ್ಟಿಗೆ ಬರೋವಾಗ ಐರೋಳಿಲಿ ಇಳಿದು ಮುಂಡಪ್ಪ ಸರ್‌ಗೆ ಕೊಟ್ಟುಬಂದೆ.”

ಜಯಶೀಲನಿಗೆ ತನ್ನ ಕಿವಿ ನಂಬಲಾಗಲಿಲ್ಲ. “ಯಾರಿಗೆ?”

“ಮುಂಡಪ್ಪ ಸರ್‌ಗೆ. ಟೀಚರ್‌ಗೆ ಹೇಳ್ಬೇಡಿ ಪ್ಲೀಸ್. ಮುಂಡಪ್ಪ ಸರ್‌ಗೆ ಎಷ್ಟೋ ದಿನದಿಂದ ಏನಾದ್ರೂ ಒಳ್ಳೇದು ಕೊಡ್ಬೇಕು ಅಂತ ನನಗಿತ್ತು. ಗಿಫ್ಟ್ ಅಂತ ಕೊಟ್ಟೆ. ಮೈಸೂರಲ್ಲಿ ಫುಟ್‌ಪಾತ್ ಮೇಲೆ ಸಿಕ್ತು ಅಂದೆ. ಅವರು ನನ್ನ ತಬ್ಕೊಂಡು ಅತ್ತೇಬಿಟ್ರು ಸರ್!”

ಜಯಶೀಲ ಅಂಬರೀಶನನ್ನು ತಬ್ಬಿಕೊಂಡ. ಸೆಕ್ಯೂರಿಟಿಯವನು ಇನ್ನೂ ಒಂದು ಹೆಜ್ಜೆ ಹಿಂದೆ ಹೋದ. ಕ್ಯಾಸೆಟ್ಟು ಯಜಮಾನನ ಮನೆಗೆ ತಾನೇ ನಡೆದು ಹೋಗಿ ಸೇರಿದೆ! ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ಹಸಿವಾಯಿತು. ರಸ್ತೆಬದಿಯಲ್ಲಿ ಎರಡು ವಡಾಪಾವ್ ತಿಂದ. ಗದಗಿನವರ ಐದನೇ ಹಾಡನ್ನು ಶಿಳ್ಳೆಯಲ್ಲಿ ಹೊಡೆಯುತ್ತ ಐರೋಳಿಯ ಲೋಕಲು ಹತ್ತಿದ.

ಮುಂಡಪ್ಪಣ್ಣನ ಮನೆಯಲ್ಲಿ ಜನ ಬಾಗಿಲ ತನಕ ತುಂಬಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಒಬ್ಬ ಇನ್ನೊಬ್ಬನ ಕಿವಿಗೆ ಮೊಬೈಲು ಹಿಡಿದು, “ಇದನ್ನೊಂದು ಕೇಳಿ, ಕೇಳಿ,” ಎನ್ನುತ್ತಿದ್ದ. ಆ ಗದ್ದಲದ ನಡುವೆ ಕಾಫಿ ಓಡಾಡುತ್ತಿತ್ತು. ಲಕ್ಷ್ಮೀಕಾಂತ ಒಂದು ಮೂಲೆಯಲ್ಲಿ, ವಿನೋದಾ ಟೀಚರ್ ಇನ್ನೊಂದು ಮೂಲೆಯಲ್ಲಿ ಬಂದು ಕೂತಾಗಿತ್ತು. ಅರ್ಧ ದಿನದ ರಜೆ ಗಿಟ್ಟಿಸಿಕೊಂಡು ಅಂಬರೀಶನೂ ಹಿಂದಿನಿಂದಲೇ ಬಂದ.

ನಡುವಿನ ಮೇಜಿನ ಮೇಲೆ ಅಕ್ಕಪಕ್ಕ ಎರಡು ಟೇಪ್ ರೆಕಾರ್ಡರುಗಳಿದ್ದವು. ಅವುಗಳನ್ನು ಕಂಡದ್ದೇ ಜಯಶೀಲನ ಶಿಳ್ಳೆ ನಿಂತಿತು.

“ಬಾ ಜಯಶೀಲ, ಬಾ!” ಮುಂಡಪ್ಪಣ್ಣ ಎರಡೂ ತೋಳು ಚಾಚಿದರು. “ನಿನಗೇ ಕಾಯ್ತಿದ್ದದ್ದು. ಇಡೀ ಲೋಕದಲ್ಲಿ ನನ್ನದೊಂದೇ ಪ್ರತಿ ಅಂತ ತಿಳಿದಿದ್ದೆ. ನೋಡು, ಈ ಹುಡುಗ ಎರಡನೆಯದು ತಂದಿದ್ದಾನೆ!” ಅವರು ಎತ್ತಿ ಹಿಡಿದ ಪಾರದರ್ಶಕ ಶೆಲ್ಲಿನಲ್ಲಿ ನಾಲ್ಕು ನೀಲಿ ಸ್ಕ್ರೂಗಳು ಮಿಂಚಿದವು. ಲಕ್ಷ್ಮೀಕಾಂತ ಥಟ್ಟನೆ ಚಾವಣಿ ನೋಡಿದ. ವಿನೋದಾ ಟೀಚರ್ ನೆಲ ನೋಡಿದರು. ಅಂಬರೀಶ ಚಪ್ಪಾಳೆಗೆ ನಾಚಿ ತಲೆ ತಗ್ಗಿಸಿದ. “ಈಗ ನಿನ್ನಲ್ಲಿರುವುದನ್ನು ಕೊಡು. ಎರಡನ್ನೂ ಒಂದರ ನಂತರ ಒಂದು ಹಾಕುವ. ಎಲ್ಲರೂ ವ್ಯತ್ಯಾಸ ಕೇಳಲಿ.”

ಜಯಶೀಲ ಮೇಜಿನ ಹತ್ತಿರ ಬಂದ. “ಮುಂಡಪ್ಪಣ್ಣ, ನಿಜ ಹೇಳಬೇಕೆಂದರೆ... ಅದೂ ಇದೂ ಒಂದೇ.”

“ಒಂದೇ?” ಮುಂಡಪ್ಪಣ್ಣ ನಕ್ಕರು. “ಭೂಮಿಗೂ ಆಕಾಶಕ್ಕೂ ಇರುವ ಅಂತರ ಮಾರಾಯ! ಇದರಲ್ಲಿ ಗಿಟಾರಿನ ತಂತಿ ಕಣ್ಣಿಗೆ ಕಾಣ್ತದೆ. ಇದನ್ನು ಕೇಳಿದ ಮೇಲೆ ಗೊತ್ತಾಯ್ತು, ನನ್ನದು ಕಂಬಳಿ ಹೊದ್ದು ಹಾಡಿದ ಹಾಗೆ. ಬೆಳಗಿನಿಂದ ಬಂದವರಿಗೆಲ್ಲ ಅದನ್ನೇ ಹೇಳ್ತಿದ್ದೇನೆ. ನನ್ನ ಕ್ಯಾಸೆಟ್ಟು ನನಗೆ ಗೊತ್ತಿಲ್ಲವಾ? ಕಣ್ಣು ಕಟ್ಟಿದರೂ ಹೇಳಿಯೇನು. ಎಲ್ಲಿ, ತಾ.”

“ಕೆಳಗೆ... ಬ್ಯಾಗಿನಲ್ಲಿ ಉಂಟು. ತರ್ತೇನೆ,” ಎಂದು ಜಯಶೀಲ ಹೊರಗೆ ಬಿದ್ದ. ಅವನು ಬ್ಯಾಗನ್ನೇ ತಂದಿರಲಿಲ್ಲ.

ಮೆಟ್ಟಿಲಿನ ತಿರುವಿನಲ್ಲಿ ಬಿಳಿ ಅಂಗಿಯ ಒಬ್ಬ ಸಣಕಲು ಮುದುಕ ಕೂತು ದಮ್ಮು ಹಿಡಿಯುತ್ತಿದ್ದ.

“ಲಿಫ್ಟು ಉಂಟಲ್ಲ ಅಜ್ಜಾರೆ,” ಎಂದ ಜಯಶೀಲ.

“ಅದರೊಳಗೆ ಹೋದರೆ ನನಗೆ ಹೆದರಿಕೆ. ನಾಲ್ಕು ಮಾಳಿಗೆ ಆದರೂ ಪರವಾಗಿಲ್ಲ, ನಡೆದೇ ಬರುವುದು. ಮುಂಡಪ್ಪಣ್ಣನ ಮನೆ ಮೇಲೆಯಾ? ನಾನು ಐತಪ್ಪ.”

ಜಯಶೀಲ ಅಲ್ಲೇ ಅವರ ಪಕ್ಕದ ಮೆಟ್ಟಿಲಿನಲ್ಲಿ ಕುಸಿದು ಕೂತ. ಯಾರ ಹತ್ತಿರವೂ ಹೇಳದಿದ್ದದ್ದನ್ನೆಲ್ಲ, ಉಲ್ಲಾಸನಗರದ ಗುಜರಿ ಅಂಗಡಿಯಿಂದ ಹಿಡಿದು ನೀಲಿ ಸ್ಕ್ರೂವಿನ ತನಕ, ಒಂದೇ ಉಸಿರಿಗೆ ಹೇಳಿಬಿಟ್ಟ. ಐತಪ್ಪ ಮೊದಲು ಕಣ್ಣರಳಿಸಿ ಕೇಳಿದರು. ಆಮೇಲೆ ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು.

“ನಮ್ಮ ಕ್ಯಾಸೆಟ್ಟಿಗೆ ಇಷ್ಟು ಜನ ಸುಳ್ಳು ಹೇಳಿದ್ದಾ? ಡೊಂಬಿವಲಿಯಿಂದ ಮಹಾಪೆಗೆ ಓಡಿದ್ದಾ?” ಅವರು ಕಣ್ಣು ಒರೆಸಿಕೊಂಡರು. “ಅದು ಬಂದಾಗ ನಾವು ಐದು ಜನ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲೆ ನಿಂತು ಮಾರಿದ್ದು. ಒಂದು ವಾರದಲ್ಲಿ ಹೋದದ್ದು ಮೂರು. ಒಂದು ನನ್ನ ಮಾವ ತಕ್ಕೊಂಡದ್ದು. ಒಂದನ್ನು ಟೀಸಿ ತಕ್ಕೊಂಡ, ನಾವು ಟಿಕೇಟಿಲ್ಲದೆ ಸಿಕ್ಕಿಬಿದ್ದಾಗ. ಇನ್ನೊಂದನ್ನು ಯಾರೋ ಒಬ್ಬ ಬಾಗಿಲು ಬಡಿಯದ ಹಾಗೆ ಅಡ್ಡ ಇಡ್ಲಿಕ್ಕೆ ಅಂತ ತಕ್ಕೊಂಡು ಹೋದ.”

ಅವರು ಅಂಗಿಯ ಜೇಬಿಗೆ ಕೈಹಾಕಿ ಒಂದು ಕ್ಯಾಸೆಟ್ಟು ತೆಗೆದರು. ಮಾಸಿದ ಲೇಬಲ್ಲು, ಅದರ ಮೇಲೆ ಹಾರುವ ಐದು ಕಾಗೆಗಳು.

“ಇದು ನನ್ನದು. ಇವರು ಕರೆದಿದ್ದಾರಲ್ಲ, ತೋರಿಸುವ ಅಂತ ತಂದೆ. ನೀವು ತಕ್ಕೊಳ್ಳಿ, ಅವರಿಗೆ ಅವರದ್ದೇ ಅಂತ ಕೊಡಿ. ನಾನು ಬಾಯಿ ಬಿಡುವುದಿಲ್ಲ.”

“ಅಜ್ಜಾರೆ, ಇದು ಬೇಡ, ಇದು...”

“ಹಿಡೀರಿ ಮಾರಾಯ್ರೆ. ಒಂದು ವಾರದ ಮಟ್ಟಿಗೆ. ಬರುವ ಆದಿತ್ಯವಾರ ಸಂಜೆ ಮೊಮ್ಮಗಳ ಮೆಹಂದಿ. ಅದಕ್ಕೆ ಇದರ ಹಾಡು ಹಾಕಬೇಕು ಅಂತ ಅವಳದ್ದು ಹಟ. ಆ ದಿನ ಬೆಳಿಗ್ಗೆ ನಾನೇ ನಿಮ್ಮಲ್ಲಿಗೆ ಬಂದು ತಕ್ಕೊಂಡು ಹೋಗ್ತೇನೆ. ಅಷ್ಟರೊಳಗೆ ನೀವು ಅವರ ಕೈಯಿಂದ ಹೇಗಾದರೂ ಒಂದನ್ನು ಹೊರಡಿಸಿ. ಎರಡುಂಟಲ್ಲ ಅವರಲ್ಲಿ, ಒಂದು ಕೊಡದೇ ಇರ್ತಾರಾ?”

ಜಯಶೀಲ ಆ ಮೆಟ್ಟಿಲಿನ ಮೇಲೆಯೇ ಐತಪ್ಪರ ಕಾಲು ಮುಟ್ಟಿದ.

ಮುಂದಿನದ್ದು ಹಬ್ಬ. ಐತಪ್ಪ ಒಳಗೆ ಬಂದಾಗ ಜನ ಎದ್ದು ನಿಂತರು. ಜಯಶೀಲ ಕ್ಯಾಸೆಟ್ಟು ಕೊಟ್ಟಾಗ ಮುಂಡಪ್ಪಣ್ಣ ಅದನ್ನು ಕೆನ್ನೆಗೆ ಒತ್ತಿಕೊಂಡು, “ಬಂತು ನನ್ನ ಮಗು!” ಎಂದರು. ರೆಕಾರ್ಡರಿಗೆ ಹಾಕಿ, ಕಣ್ಣು ಮುಚ್ಚಿ, ಬೆರಳೆತ್ತಿದರು. “ಕೇಳಿದಿರಾ ಆ ಗವ್ವ್? ಕೇಳಿದಿರಾ? ಸಾವಿರ ಕ್ಯಾಸೆಟ್ಟಿನ ನಡುವೆ ಇಟ್ಟರೂ ಇದು ನನ್ನದು ಅಂತ ಹೇಳ್ತೇನೆ.”

“ಖರೇ ಐತ್ರಿ,” ಎಂದ ಲಕ್ಷ್ಮೀಕಾಂತ, ಯಾವ ಟೇಪು ಎಲ್ಲಿಂದ ಬಂತೆಂದು ತಲೆ ಕೆಟ್ಟು. ವಿನೋದಾ ಟೀಚರ್ ಮತ್ತು ಅಂಬರೀಶ ಒಬ್ಬರಿಗಿಂತ ಒಬ್ಬರು ಜೋರಾಗಿ ತಲೆಯಾಡಿಸಿದರು.

ಎರಡನೇ ಹಾಡಿನಲ್ಲಿ ಮೌತ್ ಆರ್ಗನ್ ಬರುವಲ್ಲಿ ಐತಪ್ಪ ಜೇಬಿನಿಂದ ಹಳೆಯ ಬಾಜಾ ತೆಗೆದರು. ನಲವತ್ತು ವರ್ಷದ ಹಿಂದಿನ ಐತಪ್ಪನೂ ಈಗಿನ ಐತಪ್ಪನೂ ಒಟ್ಟಿಗೆ ಊದಿದರು. ಈಗಿನವರ ಉಸಿರು ಅರ್ಧದಲ್ಲಿ ನಿಂತಾಗ ಹಳಬನು ಮುಂದುವರಿಸಿದ. ಮತ್ತೆ ಇವರು ಸೇರಿಕೊಂಡರು. ಸೇತುವೆಯ ಮೇಲೆ ಯಾರೂ ತಿರುಗಿ ನೋಡದ ಹಾಡಿಗೆ ಮೂವತ್ತು ಮಂದಿ ಚಪ್ಪಾಳೆಯ ತಾಳ ಹಾಕಿದರು. ಜಯಶೀಲನ ಕಣ್ಣಲ್ಲಿ ನೀರು ಬಂತು. ಈ ಸಲ ಸಾಂಬ್ರಾಣಿ ಇರಲಿಲ್ಲ.

ಹಾಡು ಮುಗಿದ ಮೇಲೆ ಮುಂಡಪ್ಪಣ್ಣ ಗಂಟಲು ಸರಿಮಾಡಿ ಎದ್ದರು. “ಕೊಟ್ಟ ವಸ್ತುವನ್ನು ಕೊಟ್ಟ ಹಾಗೇ ವಾಪಸ್ ತರುವುದು ಹೇಗೆಂದು ಜಯಶೀಲನನ್ನು ನೋಡಿ ಕಲಿಯಿರಿ!” ಮತ್ತೆ ಚಪ್ಪಾಳೆ. “ಇನ್ನೊಂದು ಮಾತು. ಹಾಡಿದವರ ಮನೆಯಲ್ಲಿ ಹಾಡು ಇರದಿದ್ದರೆ ಹೇಗೆ? ನನ್ನಲ್ಲಿ ಈಗ ಎರಡು ಉಂಟು. ಇದರಲ್ಲಿ ಒಂದನ್ನು ನಾನು ಐತಪ್ಪಣ್ಣನಿಗೆ ಕೊಡ್ತೇನೆ. ಎಲ್ಲರ ಎದುರು, ಸಂತೋಷದಿಂದ.”

ಜಯಶೀಲ ಕೂತಲ್ಲಿಂದ ಅರ್ಧ ಎದ್ದುಬಿಟ್ಟ. ಮೈಮೇಲಿನ ಭಾರವೆಲ್ಲ ಇಳಿದು ಚಾವಣಿಗೆ ತಾಗುವಷ್ಟು ಹಗುರಾದ.

ಐತಪ್ಪ ಗಾಬರಿಯಿಂದ ಎರಡೂ ಕೈ ಜೋಡಿಸಿದರು. ತೆಗೆದುಕೊಂಡರೆ ‘ನಿಮ್ಮದೆಲ್ಲಿ ಹೋಯಿತು’ ಎಂದು ಯಾರಾದರೂ ಕೇಳಿ ಜಯಶೀಲನ ಗುಟ್ಟು ಎಲ್ಲಿ ಹೊರಬೀಳುತ್ತದೋ ಎಂದು ಅವರ ಮುಖದಲ್ಲಿ ಬೆವರೊಡೆದಿತ್ತು.

“ಬೇಡ ಬೇಡ ಮುಂಡಪ್ಪಣ್ಣ! ನನ್ನಲ್ಲಿ ನನ್ನದೊಂದು ಉಂಟು. ಅಗತ್ಯವೇ ಇಲ್ಲ. ನಿಮ್ಮದು ನಿಮ್ಮಲ್ಲೇ ಇರಲಿ.” ಹೇಳಿ, ಜಯಶೀಲನ ಕಡೆ ತಿರುಗಿ, ‘ನಿಮ್ಮನ್ನು ಉಳಿಸಿದೆ ನೋಡಿ’ ಎಂಬಂತೆ ಕಣ್ಣು ಮಿಟುಕಿಸಿದರು.

“ದೊಡ್ಡ ಮನಸ್ಸು!” ಎಂದರು ಮುಂಡಪ್ಪಣ್ಣ, ಗದ್ಗದರಾಗಿ. “ಹಾಗಾದರೆ ಇಲ್ಲಿಯೇ ಮಾತು ಕೊಡ್ತೇನೆ. ಕಲಾವಿದರೇ ನನಗೆ ಬಿಟ್ಟುಕೊಟ್ಟ ಇವೆರಡು ಇನ್ನು ನನ್ನ ಉಸಿರಿರುವ ತನಕ ಈ ಮನೆಯ ಹೊಸ್ತಿಲು ದಾಟುವುದಿಲ್ಲ. ಯಾರು ಕೇಳಿದರೂ!”

ಎರಡೂ ಕ್ಯಾಸೆಟ್ಟುಗಳು ಉಕ್ಕಿನ ಕಪಾಟಿನೊಳಗೆ ಹೋದವು. ಬೀಗದ ಕೈ ಮುಂಡಪ್ಪಣ್ಣನ ಉಡಿದಾರ ಸೇರಿತು.

ಐರೋಳಿ ಸ್ಟೇಷನ್ನಿಗೆ ಇಳಿದು ನಡೆಯುವಾಗ ಲೋಲಾಕ್ಷಿಯ ಫೋನು ಬಂತು.

“ಸಿಕ್ಕಿತಾ?”

“ಸಿಕ್ಕಿತು.”

“ಮುಂಡಪ್ಪಣ್ಣನಿಗೆ ಕೊಟ್ಟಾಯ್ತಾ?”

“ಕೊಟ್ಟಾಯ್ತು. ಒಂದಲ್ಲ, ಎರಡು ಕೊಟ್ಟಾಯ್ತು.”

“ಮತ್ತೆ ಸ್ವರ ಯಾಕೆ ಹೀಗೆ ಬಿದ್ದುಹೋಗಿದೆ?”

ಜಯಶೀಲ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ.

“ಲೋಲಾ,” ಎಂದ, “ಬರುವ ಆದಿತ್ಯವಾರ ಬೆಳಿಗ್ಗೆ ಬೇಗ ಮನೆಗೆ ಬೀಗ ಹಾಕಿ ಎಲ್ಲಿಗಾದರೂ ಹೋಗುವಾ?”